9:15ಕ್ಕೆ ಮುಂಚೆ ಬರೆದ ಚೀಟಿ: ಟ್ರೇಡಿಂಗ್ ಒತ್ತಡ ತಲೆಗೆ ಏನು ಮಾಡುತ್ತದೆ, ಅದನ್ನು ಹಿಡಿತದಲ್ಲಿಡುವುದು ಹೇಗೆ

"ಅಣ್ಣಾ, ಯಾವ ಇಂಡಿಕೇಟರ್ ನೋಡ್ತೀರಿ?"

ನಾನು ಟ್ರೇಡಿಂಗ್ ಮಾಡುತ್ತೇನೆ ಅಂತ ಗೊತ್ತಾದ ಹುಡುಗರು ಮೊದಲು ಕೇಳುವ ಪ್ರಶ್ನೆ ಇದು. ವಿಜಯಪುರದ ಗಾಂಧಿ ಚೌಕದ ಹತ್ತಿರ ಚಹಾ ಕುಡಿಯುತ್ತಾ ಕೇಳುತ್ತಾರೆ. ನಾನು ಲೆಕ್ಕ ಬರೆಯುವ ಎಪಿಎಂಸಿಯ ಒಣದ್ರಾಕ್ಷಿ ಅಡತಿಗೆ ಬಂದು ಕೇಳುತ್ತಾರೆ. ಮೂವಿಂಗ್ ಆವರೇಜ್, ಆರ್‌ಎಸ್‌ಐ, ಸಪೋರ್ಟ್, ರೆಸಿಸ್ಟೆನ್ಸ್ ಅಂತ ದರದ ಚಾರ್ಟ್ ಓದುವ ಸಾಧನಗಳೆಲ್ಲ ಅವರಿಗೆ ಚೆನ್ನಾಗಿ ಗೊತ್ತು. ಯೂಟ್ಯೂಬ್ ನೋಡಿ ಕಲಿತಿದ್ದಾರೆ. ಆದರೂ ರೊಕ್ಕ ಹೋಗುತ್ತಿದೆ. ಹೇಗೆ ಹೋಯಿತು ಅಂತ ಹತ್ತು ನಿಮಿಷ ಕೂತು ಮಾತಾಡಿದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ. ಪ್ಲಾನ್ ಸರಿಯಾಗಿಯೇ ಇತ್ತು. ಆದರೆ ಆ ಹೊತ್ತಿಗೆ ಕೈ ಬೇರೇನೋ ಮಾಡಿತು.

ಆ ಹೊತ್ತಿಗೆ ಏನಾಗುತ್ತದೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳಲು ಹೊರಟಿದ್ದೇನೆ. ಯಾಕೆಂದರೆ ಇದು ಒಬ್ಬಿಬ್ಬರ ತಾಪತ್ರಯ ಅಲ್ಲ. ಮಾರುಕಟ್ಟೆಯ ಮೇಲೆ ಕಣ್ಣಿಡುವ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರಗೆ ತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ, ಶೇರು ಅಥವಾ ಸೂಚ್ಯಂಕದ ಮುಂದಿನ ದರದ ಮೇಲೆ ಮಾಡುವ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಟ್ರೇಡ್ ಮಾಡಿದ ಸಾಮಾನ್ಯ ಜನರಲ್ಲಿ 93% ಜನ ನಷ್ಟ ಮಾಡಿಕೊಂಡಿದ್ದರು. ಎಲ್ಲರ ನಷ್ಟ ಕೂಡಿಸಿದರೆ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಶೇರುಗಳಲ್ಲಿ ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಅದೇ ದಿನ ಮಾರುವ ಟ್ರೇಡ್, ಮಾಡುವವರದ್ದೂ ದೊಡ್ಡ ಸುಖವೇನಿಲ್ಲ. 2022-23ರಲ್ಲಿ ಅವರಲ್ಲಿ 10ಕ್ಕೆ 7 ಜನ ಕೈ ಸುಟ್ಟುಕೊಂಡರು.

ಇವರ್ಯಾರೂ ದಡ್ಡರಲ್ಲ. ಇದರಲ್ಲಿ ಖರ್ಚಿನ ಪಾಲಿದೆ, ತೆರಿಗೆಯ ಪಾಲಿದೆ. ಎದುರಿಗೆ ದೊಡ್ಡ ಸಂಸ್ಥೆಗಳಿವೆ ಅನ್ನುವುದೂ ನಿಜ. ಅದೇ ಸೆಬಿ ಅಧ್ಯಯನದ ಪ್ರಕಾರ, ದೊಡ್ಡ ಸಂಸ್ಥೆಗಳು ಮಾಡಿದ ಲಾಭದ ಬಹುಪಾಲು ಬಂದಿದ್ದು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಅಲ್ಗೊ ಟ್ರೇಡಿಂಗ್‌ನಿಂದ. ಅಂದರೆ ನಿಮ್ಮ ಎದುರಿಗೆ ಕೂತವನ ಎದೆ ಢವಗುಟ್ಟುವುದಿಲ್ಲ, ಬಾಯಿ ಒಣಗುವುದಿಲ್ಲ. ನಿಮ್ಮದು ಒಣಗುತ್ತದೆ.

ಮೈಯೊಳಗೆ ಏನು ನಡೆಯುತ್ತದೆ

ಹೊಲದ ಬದುವಿನ ಮೇಲೆ ನಡೆಯುವಾಗ ಕಾಲ ಬುಡದಲ್ಲಿ ಏನೋ ಸರಿದಾಡಿತು ಅಂದುಕೊಳ್ಳಿ. ಹಾವೋ ಹಗ್ಗವೋ ಅಂತ ಯೋಚಿಸುವ ಮುಂಚೆಯೇ ನೀವು ಹಾರಿರುತ್ತೀರಿ. ಅಡ್ರಿನಲಿನ್ ಉಕ್ಕಿ ಎದೆಬಡಿತ ಏರುತ್ತದೆ. ಅಂಗೈ ಬೆವರುತ್ತದೆ. ಕಣ್ಣು ಆ ಒಂದೇ ಜಾಗದ ಮೇಲೆ ನೆಡುತ್ತದೆ, ಸುತ್ತಲಿನದ್ದು ಕಾಣುವುದಿಲ್ಲ. ಆ ಕ್ಷಣಕ್ಕೆ ಅದು ಬೇಕೇ ಬೇಕು. ಜೀವ ಉಳಿಯುವುದು ಅದರಿಂದಲೇ.

ಮೊಬೈಲಿನಲ್ಲಿ ಕೆಂಪು ಅಂಕಿ ಬೆಳೆಯುತ್ತಿರುವಾಗಲೂ ಮೈ ಇದನ್ನೇ ಮಾಡುತ್ತದೆ. ಅದಕ್ಕೆ ಹಾವಿಗೂ ಅಂಕಿಗೂ ವ್ಯತ್ಯಾಸ ಗೊತ್ತಿಲ್ಲ. ಹಾರು, ಓಡು, ಇಲ್ಲವೇ ಹೊಡಿ ಅನ್ನುತ್ತದೆ. ಆದರೆ ಟ್ರೇಡಿಂಗ್‌ಗೆ ಬೇಕಾದದ್ದು ಸುತ್ತಲೂ ನೋಡುವ ಕಣ್ಣು, ಲೆಕ್ಕ ಹಾಕುವ ತಲೆ. ಆ ಎರಡೂ ಅದೇ ಹೊತ್ತಿಗೆ ಕೈಕೊಡುತ್ತವೆ.

ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನಿನ ಆಟ ಇನ್ನೂ ನಿಧಾನ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜಾನ್ ಕೋಟ್ಸ್ ಮತ್ತು ಜೋ ಹರ್ಬರ್ಟ್ ಲಂಡನ್ನಿನ 17 ಟ್ರೇಡರ್‌ಗಳ ಜೊಲ್ಲಿನ ಮಾದರಿ ತೆಗೆದು ಪರೀಕ್ಷಿಸಿದರು. 2008ರಲ್ಲಿ ಅದರ ಫಲಿತಾಂಶ ಬಂತು. ಮಾರುಕಟ್ಟೆಯ ಏರಿಳಿತ ಜಾಸ್ತಿಯಾದಂತೆ ಅವರ ಕಾರ್ಟಿಸಾಲ್ ಕೂಡ ಏರಿತ್ತು. ಆಮೇಲೆ 2014ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಜನರಿಗೆ ಎಂಟು ದಿನ ಕಾರ್ಟಿಸಾಲ್ ಮಟ್ಟ ಏರಿಸಿ ನೋಡಿದರು. ಅವರು ಮೊದಲು ಧೈರ್ಯವಾಗಿ ತೆಗೆದುಕೊಳ್ಳುತ್ತಿದ್ದ ರಿಸ್ಕ್ ಆಮೇಲೆ ಬೇಡ ಅಂದರು.

ಇದನ್ನು ಓದಿದಾಗ ನನಗೆ ಒಂದು ಸಂಗತಿ ಅರ್ಥವಾಯಿತು. ಎರಡು ವಾರ ಮಾರುಕಟ್ಟೆ ಹುಚ್ಚೆದ್ದು ಕುಣಿದರೆ, ಮೂರನೇ ವಾರ ಟ್ರೇಡ್ ಮಾಡುವವನು ಮೊದಲಿನ ನಾನು ಅಲ್ಲ. ಹೆಸರು ಅದೇ, ಚಾರ್ಟ್ ಅದೇ, ಮೈಯೊಳಗಿನ ಮನುಷ್ಯ ಬೇರೆ. ಹಾಗಾಗಿ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿಸಿಯಾದ ತಲೆಯನ್ನು ಅದೇ ತಲೆಯಿಂದ ತಣ್ಣಗೆ ಮಾಡುವುದು ಕಷ್ಟ. ಅದು ತಣ್ಣಗಿದ್ದಾಗಲೇ ತೀರ್ಮಾನ ಮಾಡಿ ಮುಗಿಸಿರಬೇಕು. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ. ಉಳಿದದ್ದೆಲ್ಲ ಅದನ್ನು ಮಾಡುವ ದಾರಿ.

ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ದ್ರಾಕ್ಷಿ

ಬಸ್ ಸ್ಟ್ಯಾಂಡಿನಲ್ಲಿ ನಿಮಗೆ 500 ರೂಪಾಯಿ ಸಿಕ್ಕರೆ ಖುಷಿಯಾಗುತ್ತದೆ, ಅಲ್ವಾ? ಸಂಜೆ ಹೊತ್ತಿಗೆ ಆ ಖುಷಿ ಇಳಿದಿರುತ್ತದೆ. ಅದೇ ಜಾಗದಲ್ಲಿ 500 ರೂಪಾಯಿ ಕಳೆದುಕೊಂಡರೆ? ರಾತ್ರಿ ಮಲಗುವಾಗಲೂ ಅದೇ ನೆನಪು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಈ ಮಾತನ್ನು ಸಿದ್ಧಾಂತವಾಗಿ ಮುಂದಿಟ್ಟರು. ಆಮೇಲಿನ ಲೆಕ್ಕದಲ್ಲಿ, ನಷ್ಟದ ನೋವು ಅಷ್ಟೇ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು ಅಂತ ಕಂಡುಬಂತು. 2002ರಲ್ಲಿ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು.

ಇದರಿಂದ ಮಾರುಕಟ್ಟೆಯಲ್ಲಿ ಏನಾಗುತ್ತದೆ ಅನ್ನುವುದನ್ನು ನಮ್ಮ ಅಡತಿಯಲ್ಲೇ ತೋರಿಸುತ್ತೇನೆ. ತಿಕೋಟಾ ಕಡೆಯ ರೈತರೊಬ್ಬರು ಪ್ರತಿ ವರ್ಷ ನಮ್ಮಲ್ಲಿಗೆ ಒಣದ್ರಾಕ್ಷಿ ತರುತ್ತಾರೆ. ಬಳ್ಳಿಯಿಂದ ಕಡಿದು, ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಅಕಾಲ ಮಳೆ ಬಾರದಿರಲಿ ಅಂತ ಆಕಾಶ ನೋಡುತ್ತ ಒಣಗಿಸಿದ ಮಾಲು. ಒಂದು ವರ್ಷ ಅವರು ಮನಸ್ಸಿನಲ್ಲಿಟ್ಟುಕೊಂಡ ದರಕ್ಕಿಂತ ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆ ಬಂತು. "ಇನ್ನೊಂದು ಹದಿನೈದು ದಿನ ನೋಡೋಣ" ಅಂದರು. ಮಾಲು ಕೋಲ್ಡ್ ಸ್ಟೋರೇಜ್ ಸೇರಿತು. ದರ ಇನ್ನೂ ಇಳಿಯಿತು. ಇನ್ನೊಂದು ಹದಿನೈದು ದಿನ. ಬಾಡಿಗೆ ಏರುತ್ತಾ ಹೋಯಿತು. ಹಳೇ ಮಾಲಿನ ಬಣ್ಣ ಮಾಸುತ್ತಾ ಬಂತು. ಕೊನೆಗೆ ಹೊಸ ಮಾಲು ಮಾರುಕಟ್ಟೆಗೆ ಬರುವ ಹೊತ್ತಿಗೆ ಕೈಗೆ ಬಂದ ದರಕ್ಕೆ ಕೊಟ್ಟರು.

ಅವರಿಗೆ ಲೆಕ್ಕ ಬರಲಿಲ್ಲ ಅಂತಲ್ಲ. ಮಾರಿದ ಕ್ಷಣಕ್ಕೆ ನಷ್ಟ ಖಚಿತವಾಗುತ್ತದೆ. ಮಾರದೆ ಇರುವವರೆಗೆ ಅದು ಇನ್ನೂ "ಆಗಿಲ್ಲ". ಆ ನೋವನ್ನು ಮುಂದೂಡಲು ಮನಸ್ಸು ಏನು ಬೇಕಾದರೂ ಕೊಡುತ್ತದೆ, ಬಾಡಿಗೆಯನ್ನೂ. ಟ್ರೇಡರ್ ಕೂಡ ಹೀಗೇ. ಲಾಭದಲ್ಲಿರುವ ಶೇರನ್ನು ಕೈಬಿಟ್ಟು ಹೋದೀತು ಅಂತ ಬೇಗ ಮಾರುತ್ತಾನೆ, ನಷ್ಟದಲ್ಲಿರುವುದನ್ನು ಎದೆಗವಚಿಕೊಂಡು ಕೂರುತ್ತಾನೆ. ಅಮೆರಿಕದ ಟೆರೆನ್ಸ್ ಓಡಿಯನ್ ಒಂದು ಬ್ರೋಕರೇಜ್‌ನ 10,000 ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಇದನ್ನೇ ತೋರಿಸಿದರು. ಸಣ್ಣ ಲಾಭ, ದೊಡ್ಡ ನಷ್ಟ. ಹತ್ತರಲ್ಲಿ ಏಳು ಟ್ರೇಡ್ ಗೆದ್ದರೂ ಖಾತೆ ಕರಗುವುದು ಹೀಗೆ.

ಜೂನ್ 4ರ ಬೆಳಿಗ್ಗೆ

ನನ್ನದೇ ಒಂದು ದಿನವನ್ನು ಹೇಳದಿದ್ದರೆ ಈ ಮಾತೆಲ್ಲ ಹಗುರ ಅನ್ನಿಸುತ್ತದೆ.

2024ರ ಜೂನ್ 4, ಮಂಗಳವಾರ. ಲೋಕಸಭಾ ಚುನಾವಣೆಯ ಮತ ಎಣಿಕೆ. ಹಿಂದಿನ ದಿನ ಎಕ್ಸಿಟ್ ಪೋಲ್ ಖುಷಿಯಲ್ಲಿ ಮಾರುಕಟ್ಟೆಯ ಸೂಚ್ಯಂಕ ನಿಫ್ಟಿ 3%ಕ್ಕಿಂತ ಜಾಸ್ತಿ ಏರಿತ್ತು. ನನ್ನ ಟ್ರೇಡಿಂಗ್ ಖಾತೆಯಲ್ಲಿ 1,60,000 ರೂಪಾಯಿ ಇತ್ತು. ಒಂದು ಟ್ರೇಡಿಗೆ 1,600 ರೂಪಾಯಿಗಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ ನಿಯಮವೂ ಇತ್ತು. ಒಂದು ಸರ್ಕಾರಿ ಬ್ಯಾಂಕಿನ 400 ಶೇರು ಇಂಟ್ರಾಡೇಗೆ ತೆಗೆದುಕೊಂಡೆ. ನಾಲ್ಕು ರೂಪಾಯಿ ಕೆಳಗೆ ಸ್ಟಾಪ್ ಲಾಸ್ ಹಾಕಿದೆ, ಅಂದರೆ ದರ ಅಲ್ಲಿಗೆ ಇಳಿದರೆ ತಾನಾಗಿ ಮಾರುವ ಆರ್ಡರ್. ಅಲ್ಲಿವರೆಗೆ ಎಲ್ಲ ಸರಿ.

ಸ್ವಲ್ಪ ಹೊತ್ತಿನಲ್ಲೇ ದರ ಇಳಿದು ಸ್ಟಾಪ್ ಲಾಸ್‌ಗೆ ಇನ್ನೊಂದೇ ರೂಪಾಯಿ ಅನ್ನುವಷ್ಟು ಹತ್ತಿರ ಬಂತು. "ಇವತ್ತು ಏರೇ ಏರುತ್ತೆ, ಸುಮ್ನೆ ಅಲ್ಲಾಡಿಸುತ್ತಿದ್ದಾರೆ" ಅಂತ ತಲೆಯೊಳಗೆ ಒಂದು ದನಿ. ಆರ್ಡರ್ ತೆರೆದೆ. ಕ್ಯಾನ್ಸಲ್ ಒತ್ತಿದೆ. ಖಚಿತವೇ ಅಂತ ಕೇಳಿತು, ಹೌದು ಒತ್ತಿದೆ. ಮೂರು ಸಲ ಬೆರಳು ಮುಟ್ಟಿದ್ದು, ಅಷ್ಟೇ. ಆ ಮೂರರ ನಡುವೆ ನಾನು ಒಂದು ಸಲವೂ ಉಸಿರು ಬಿಟ್ಟ ನೆನಪಿಲ್ಲ.

ಕೊನೆಗೆ ಮಾರಿದಾಗ 11,000 ರೂಪಾಯಿ ಹೋಗಿತ್ತು. ನಿಲ್ಲಿಸಬೇಕಿತ್ತು. ಆದರೆ ಕಳೆದದ್ದನ್ನು ಕಳೆದಲ್ಲೇ ಹುಡುಕಬೇಕು ಅನ್ನುತ್ತಾರಲ್ಲ, ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈ ಸಲ ದುಪ್ಪಟ್ಟು ಶೇರು ತೆಗೆದುಕೊಂಡೆ. ಅದೂ ಬಿತ್ತು. ಸರಿ, ಬೀಳುತ್ತಿದೆ ಅಂದಮೇಲೆ ಬೀಳುವ ಕಡೆಗೇ ಹೋಗೋಣ ಅಂತ ಶಾರ್ಟ್ ಮಾಡಿದೆ, ಅಂದರೆ ಕೈಯಲ್ಲಿಲ್ಲದ ಶೇರನ್ನು ಮೊದಲು ಮಾರಿ, ದರ ಇಳಿದ ಮೇಲೆ ಕೊಳ್ಳುವ ಆಟ. ನಾನು ಶಾರ್ಟ್ ಮಾಡಿದ ಮೇಲೆ ಮಾರುಕಟ್ಟೆ ತಳ ಮುಟ್ಟಿ ಮೇಲೆ ಬರತೊಡಗಿತು. ಮಧ್ಯಾಹ್ನ ಮೊಬೈಲ್ ಕೆಳಗಿಟ್ಟಾಗ 41,000 ರೂಪಾಯಿ ಇರಲಿಲ್ಲ. ಊಟಕ್ಕೆ ಕೂತಾಗ ಮಗಳು ಶಾಲೆಯ ಪುಸ್ತಕದ ಬಗ್ಗೆ ಏನೋ ಕೇಳಿದಳು. ಅವಳ ಮೇಲೆ ರೇಗಿದೆ. ಅವಳು ತಟ್ಟೆ ನೋಡುತ್ತ ಸುಮ್ಮನಾದಳು. ಆ ರೊಕ್ಕಕ್ಕಿಂತ ಆ ಮುಖವೇ ನನಗೆ ಜಾಸ್ತಿ ನೆನಪಿರುವುದು.

ಆ ದಿನ ಸೆನ್ಸೆಕ್ಸ್ 4,389 ಅಂಕ ಬಿತ್ತು. ನಿಫ್ಟಿ ಸುಮಾರು 6% ಕುಸಿಯಿತು. ಆದರೆ ಮೂರೇ ದಿನದಲ್ಲಿ, ಜೂನ್ 7ರ ಶುಕ್ರವಾರ, ನಿಫ್ಟಿ ಮತ್ತೆ ಜೂನ್ 3ರ ಮಟ್ಟಕ್ಕೆ ಬಂದು ನಿಂತಿತು. ಮಾರುಕಟ್ಟೆ ಕಳೆದುಕೊಂಡದ್ದು ಅದಕ್ಕೆ ವಾಪಸ್ ಬಂತು. ನನ್ನದು ಬರಲಿಲ್ಲ. ಮೊದಲ ಸ್ಟಾಪ್ ಲಾಸ್ ಇದ್ದಲ್ಲೇ ಇದ್ದಿದ್ದರೆ ಅವತ್ತಿನ ನಷ್ಟ 1,600 ಚಿಲ್ಲರೆ. ಉಳಿದ 39,000ವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುವ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ಮುಟ್ಟಿ ನೋಡಿಕೊಂಡೆ.

ಇದಕ್ಕೆ ರಿವೆಂಜ್ ಟ್ರೇಡಿಂಗ್ ಅನ್ನುತ್ತಾರೆ, ಸೇಡಿನ ಟ್ರೇಡ್. ಇದರ ಗುರುತು ಸುಲಭ. ನಷ್ಟವಾದ ಕೆಲವೇ ನಿಮಿಷದಲ್ಲಿ, ಮೊದಲಿಗಿಂತ ಜಾಸ್ತಿ ಕ್ವಾಂಟಿಟಿಯಲ್ಲಿ, ಮೊದಲು ಯೋಚನೆಯಲ್ಲೇ ಇಲ್ಲದ ಟ್ರೇಡ್ ತೆಗೆದುಕೊಂಡಿದ್ದೀರಿ ಅಂದರೆ ಅದು ಅದೇ.

ಹಾಸಿಗೆ ಎಷ್ಟುದ್ದ

ಒತ್ತಡ ಕಡಿಮೆ ಮಾಡುವುದು ಹೇಗೆ ಅಂತ ಕೇಳಿದರೆ ಜನ ಧ್ಯಾನ, ಪ್ರಾಣಾಯಾಮ ಅಂತ ಶುರು ಮಾಡುತ್ತಾರೆ. ಅವು ಒಳ್ಳೆಯವೇ. ಆದರೆ ನನ್ನ ಅನುಭವದಲ್ಲಿ ಅವೆಲ್ಲಕ್ಕಿಂತ ಮೊದಲು ಬರುವುದು ಕ್ವಾಂಟಿಟಿ, ಎಷ್ಟು ಶೇರು ಅನ್ನುವುದು. ಟ್ರೇಡ್ ತೆಗೆದುಕೊಂಡ ಮೇಲೆ ಕೈ ನಡುಗುತ್ತಿದ್ದರೆ, ಮೊಬೈಲ್ ಕೆಳಗಿಡಲು ಆಗದಿದ್ದರೆ, ನಿಮ್ಮ ಮನಸ್ಸಿನಲ್ಲಿ ದೋಷ ಹುಡುಕಬೇಡಿ. ಹಾಸಿಗೆ ಮೀರಿ ಕಾಲು ಚಾಚಿದ್ದೀರಿ.

ಲೆಕ್ಕ ಹೀಗಿದೆ. ನಿಮ್ಮ ಖಾತೆಯಲ್ಲಿ 1,00,000 ರೂಪಾಯಿ ಇದೆ. ಒಂದು ಟ್ರೇಡಿನಲ್ಲಿ 1% ಮಾತ್ರ, ಅಂದರೆ 1,000 ರೂಪಾಯಿ ಕಳೆದುಕೊಳ್ಳಲು ಒಪ್ಪಿದ್ದೀರಿ. 420 ರೂಪಾಯಿಯ ಶೇರು. 410ಕ್ಕೆ ಬಂದರೆ ನಿಮ್ಮ ಅಂದಾಜು ತಪ್ಪು ಅಂತ ಚಾರ್ಟ್ ಹೇಳುತ್ತದೆ. ಒಂದು ಶೇರಿಗೆ 10 ರೂಪಾಯಿ ರಿಸ್ಕ್. 1,000ವನ್ನು 10ರಿಂದ ಭಾಗಿಸಿದರೆ 100 ಶೇರು. ಸ್ಟಾಪ್ ಲಾಸ್ 400ರಲ್ಲಿ ಇಡಬೇಕು ಅನ್ನಿಸಿದರೆ 50 ಶೇರು. ಎಷ್ಟು ಕೊಳ್ಳಬೇಕು ಅನ್ನುವುದನ್ನು ಆಸೆ ಹೇಳಬಾರದು, ಸ್ಟಾಪ್ ಲಾಸ್ ಹೇಳಬೇಕು. ಗ್ಯಾಪ್ ಬಿದ್ದು, ಅಂದರೆ ನಡುವಿನ ದರಗಳನ್ನು ಬಿಟ್ಟು, ದರ ಒಮ್ಮೆಲೇ ಜಿಗಿದರೆ ಸ್ಟಾಪ್ ಲಾಸ್ ದಾಟಿಯೂ ಸ್ವಲ್ಪ ಹೋಗಬಹುದು. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಿರಿ.

1% ಅಂದರೆ ತೀರಾ ಕಡಿಮೆ ಅನ್ನಿಸುತ್ತದೆ, ನಿಜ. ಹಾಗಾದರೆ ಸತತ ಸೋಲಿನ ಲೆಕ್ಕ ನೋಡಿ. ನಾಣ್ಯ 100 ಸಲ ಚಿಮ್ಮಿದರೆ, ಎಲ್ಲೋ ಒಂದು ಕಡೆ ಸತತವಾಗಿ ಐದು ಸಲ ಅಥವಾ ಅದಕ್ಕಿಂತ ಜಾಸ್ತಿ ನೀವು ಸೋಲುವ ಬದಿಯೇ ಬೀಳುವ ಸಾಧ್ಯತೆ ಸುಮಾರು 80%. ಅಂದರೆ ಅರ್ಧದಷ್ಟು ಟ್ರೇಡ್ ಗೆಲ್ಲುವ ಒಳ್ಳೆಯ ಟ್ರೇಡರ್‌ಗೂ ಐದು ಸೋಲು ಸಾಲಾಗಿ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಬೇಕು. ಪ್ರತಿ ಸಲ 1% ರಿಸ್ಕ್ ತೆಗೆದುಕೊಂಡವನ ಖಾತೆ ಐದು ಸೋಲಿನ ನಂತರ 5% ಕಡಿಮೆಯಾಗಿರುತ್ತದೆ. ಸಂಜೆ ಆರಾಮಾಗಿ ಊಟ ಮಾಡಬಹುದು. ಪ್ರತಿ ಸಲ 10% ಇಟ್ಟವನ ಖಾತೆಯಲ್ಲಿ 41% ಹೋಗಿರುತ್ತದೆ.

ಹೋದದ್ದನ್ನು ತುಂಬಿಕೊಳ್ಳುವ ಲೆಕ್ಕ ಇನ್ನೂ ಕಠಿಣ. 10% ಹೋದರೆ ಮತ್ತೆ ಮೊದಲಿನ ಜಾಗಕ್ಕೆ ಬರಲು 11% ಗಳಿಸಬೇಕು. 50% ಹೋದರೆ 100%, ಇದ್ದದ್ದು ದುಪ್ಪಟ್ಟಾಗಬೇಕು. ಜೂನ್ 4ರ ನಂತರ ನನ್ನಲ್ಲಿ ಉಳಿದಿದ್ದ 1,19,000 ಮತ್ತೆ 1,60,000 ಆಗಲು 34% ಲಾಭ ಬೇಕಿತ್ತು. ಒಂದು ಬೆಳಿಗ್ಗೆಯ ಸಿಟ್ಟಿಗೆ ಒಂದು ವರ್ಷಕ್ಕಿಂತ ಜಾಸ್ತಿ ದುಡಿದೆ.

ಇಲ್ಲೊಂದು ಮಾತು ಕಡ್ಡಾಯವಾಗಿ ಹೇಳಬೇಕು. ಸಣ್ಣ ಬಂಡವಾಳದಲ್ಲಿ ಇಂಡೆಕ್ಸ್ (ಸೂಚ್ಯಂಕ) ಫ್ಯೂಚರ್ಸ್, ಆಪ್ಷನ್ಸ್ ಮಾಡುವ ಹುಡುಗರು ನಮ್ಮ ಕಡೆ ಬಹಳ. 2024ರ ನವೆಂಬರ್‌ನಿಂದ ಸೆಬಿ ಇಂಡೆಕ್ಸ್ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಐವತ್ತು ಸಾವಿರ ಇಟ್ಟುಕೊಂಡು ಅಷ್ಟು ದೊಡ್ಡ ಕಾಂಟ್ರಾಕ್ಟ್ ಹಿಡಿದರೆ 1% ನಿಯಮ ಪಾಲಿಸಲು ಜಾಗವೇ ಉಳಿಯುವುದಿಲ್ಲ. ಒಂದೇ ಲಾಟ್, ಅಂದರೆ ಕೊಳ್ಳಬಹುದಾದ ಅತಿ ಸಣ್ಣ ಕಟ್ಟು, ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ಅಂಥ ಬಂಡವಾಳಕ್ಕೆ ಆ ಜಾಗ ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಇಪ್ಪತ್ತು ಶೇರು ಕೊಂಡು ಕಲಿಯಿರಿ, ಅದರಲ್ಲಿ ನಾಚಿಕೆ ಇಲ್ಲ.

ಮಾರುಕಟ್ಟೆಗೂ ಬ್ರೇಕ್ ಇದೆ

2020ರ ಮಾರ್ಚ್ 23 ನೆನಪಿದೆಯಾ? ಕೊರೊನಾ ಭಯದಲ್ಲಿ ಮಾರುಕಟ್ಟೆ ಬೆಳಿಗ್ಗೆಯೇ 10% ಬಿತ್ತು, ವಹಿವಾಟು 45 ನಿಮಿಷ ತಾನಾಗಿ ನಿಂತಿತು. ಸಂಜೆ ಹೊತ್ತಿಗೆ ಸೆನ್ಸೆಕ್ಸ್ 3,934 ಅಂಕ ಕಳೆದುಕೊಂಡಿತ್ತು, ಸುಮಾರು 13%. ಸೂಚ್ಯಂಕ 10, 15, 20% ಏರಿದರೆ ಅಥವಾ ಬಿದ್ದರೆ ಎಲ್ಲ ನಿಲ್ಲಿಸಬೇಕು ಅನ್ನುವ ಸರ್ಕ್ಯೂಟ್ ಬ್ರೇಕರ್ ನಿಯಮವನ್ನು ಶಾಂತವಾಗಿದ್ದ ಕಾಲದಲ್ಲೇ ಬರೆದಿಟ್ಟಿದ್ದರು. ಹೌಹಾರಿದ ಜನಕ್ಕೆ ಉಸಿರಾಡಲು ಹೊತ್ತು ಬೇಕು ಅಂತ ಎಕ್ಸ್‌ಚೇಂಜಿಗೇ ಗೊತ್ತು. ಒಬ್ಬ ಮನುಷ್ಯನಿಗೆ ಬೇಡವೇ?

ನನ್ನ ಬ್ರೇಕ್ ಒಂದು ಚೀಟಿ. ಅಡತಿಯ ಹಳೇ ಪಟ್ಟಿಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ಕತ್ತರಿಸಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎಂಟೂವರೆಗೆ, ಮಾರುಕಟ್ಟೆ ತೆರೆಯಲು ಮುಕ್ಕಾಲು ಗಂಟೆ ಇರುವಾಗ ಬರೆಯುತ್ತೇನೆ. ಪೆನ್ನಿನಿಂದಲೇ. ಯಾವ ಶೇರು, ಎಷ್ಟಕ್ಕೆ ಬಂದರೆ ಕೊಳ್ಳುವುದು, ಎಷ್ಟಕ್ಕೆ ಬಂದರೆ ಹೊರಗೆ, ಎಷ್ಟು ಶೇರು. ಇಷ್ಟು ಮೇಲಿನ ಭಾಗ. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ದಿನಾ ಅದೇ ಮೂರು ಸಾಲು: "ಎರಡು ಸೋಲು ಆದರೆ ಮುಚ್ಚು. ಸ್ಟಾಪ್ ಲಾಸ್ ಮೇಲಕ್ಕೆ ಮಾತ್ರ ಸರಿಸು. ಚೀಟಿಯಲ್ಲಿ ಇಲ್ಲದ್ದು ಬೇಡ." ದಿನಾ ಅದನ್ನೇ ಬರೆಯುವುದು ಯಾಕೆ, ಒಂದು ಸಲ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬಾರದಾ ಅಂತ ಮನೆಯವರು ಕೇಳಿದರು. ಅಂಟಿಸಿಯೂ ನೋಡಿದೆ. ಗೋಡೆಯ ಮೇಲಿನದ್ದು ಹತ್ತು ದಿನದಲ್ಲಿ ಕ್ಯಾಲೆಂಡರ್ ಥರ ಆಗಿಬಿಡುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅವತ್ತಿನ ಬೆಳಿಗ್ಗೆ ಕೈಯಾರೆ ಬರೆದದ್ದು ಮಾತು ಕೊಟ್ಟ ಹಾಗೆ.

ಚೀಟಿ ಬರೆದ ಮೇಲೆ 9:15ರಿಂದ ನನ್ನ ಕೆಲಸ ತೀರ್ಮಾನ ಮಾಡುವುದಲ್ಲ. ಬರೆದದ್ದನ್ನು ಮಾಡುವುದು ಅಷ್ಟೇ. ಗಮನ ಚದುರದಿರಲು ಇದಕ್ಕಿಂತ ದೊಡ್ಡ ಉಪಾಯ ನನಗೆ ಸಿಕ್ಕಿಲ್ಲ. ಏಕಾಗ್ರತೆ ಅಂದರೆ ಆರು ಗಂಟೆ ಕಣ್ಣು ಮಿಟುಕಿಸದೆ ಸ್ಕ್ರೀನ್ ನೋಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನೋಡಬೇಕಾದದ್ದು ಕಡಿಮೆ ಇದ್ದರೆ ಗಮನ ತಾನಾಗಿ ನಿಲ್ಲುತ್ತದೆ. ಎರಡೇ ಶೇರು, ಎರಡೇ ದರ. ಆ ದರಕ್ಕೆ ಆ್ಯಪ್‌ನಲ್ಲಿ ಅಲರ್ಟ್ ಹಾಕಿ ನನ್ನ ಲೆಕ್ಕದ ಪುಸ್ತಕ ತೆರೆಯುತ್ತೇನೆ. ಮೊದಲ ಅರ್ಧ ಗಂಟೆ ಏನೂ ಮಾಡುವುದಿಲ್ಲ. ರಾತ್ರಿಯಿಡೀ ಕಟ್ಟಿಕೊಂಡ ಆಸೆ, ಭಯ ಎಲ್ಲ ಆ ಹೊತ್ತಿಗೆ ಒಟ್ಟಿಗೆ ಬಂದು ಬೀಳುತ್ತವೆ, ದರ ದಿಕ್ಕಿಲ್ಲದೆ ಹಾರಾಡುತ್ತದೆ. ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್ ಅಂತ ಇರುತ್ತದೆ, ಒಮ್ಮೆ ಒತ್ತಿದರೆ ಕೆಲವು ಗಂಟೆ ಟ್ರೇಡ್ ಮಾಡಲು ಬಿಡುವುದಿಲ್ಲ. ಎರಡು ಸೋಲಾದ ದಿನ ಅದನ್ನು ಒತ್ತಿಬಿಡಿ. ಗಟ್ಟಿ ಮನಸ್ಸಿಗಿಂತ ಗಟ್ಟಿ ಬೀಗ ವಾಸಿ.

ಲಾಭ ನಷ್ಟದ ಅಂಕಿಯನ್ನು ಪದೇ ಪದೇ ನೋಡುವುದೂ ಒತ್ತಡದ ಒಂದು ಮೂಲ. ಒಳ್ಳೆಯ ಶೇರು ಕೂಡ ಗಂಟೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಸಲ ಏರುತ್ತದೆ, ಅರ್ಧ ಸಲ ಇಳಿಯುತ್ತದೆ. ಇಳಿದಾಗಿನ ನೋವು ಎರಡು ಪಟ್ಟು ಅಂತ ಮೇಲೆ ನೋಡಿದೆವಲ್ಲ. ಹಾಗಾಗಿ ದಿನಕ್ಕೆ ನೂರು ಸಲ ನೋಡಿದರೆ, ಸಂಜೆ ಲಾಭದಲ್ಲಿದ್ದರೂ ಮನಸ್ಸು ದಿನವಿಡೀ ಪೆಟ್ಟು ತಿಂದಿರುತ್ತದೆ. ಡ್ಯೂಟಿಯಲ್ಲಿದ್ದುಕೊಂಡು, ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಇಂಟ್ರಾಡೇ ಮಾಡುವವರಿಗೆ ಎರಡೂ ಕೆಲಸ ಕೆಡುತ್ತವೆ. ಅವರಿಗೆ ವಾರ, ತಿಂಗಳುಗಟ್ಟಲೆ ಇಟ್ಟುಕೊಳ್ಳುವ ದಾರಿಯೇ ಸರಿ.

ಮತ್ತೆ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳು. ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ನಿಂತು ಒಬ್ಬ ಚಪ್ಪಾಳೆ ತಟ್ಟಿದರೆ ಸದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ, ಹತ್ತಾರು ಜನ ತಟ್ಟಿದಂತೆ. ಗುಂಪುಗಳಲ್ಲೂ ಹಾಗೇ. ಬೆಳಿಗ್ಗೆ ಯಾರೋ ಒಬ್ಬ ಹಾಕಿದ ಟಿಪ್ ನಾಲ್ಕು ಗುಂಪಿನಿಂದ ನಿಮಗೆ ಬರುತ್ತದೆ. ಎಲ್ಲರೂ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಹೇಳಿದವನು ಒಬ್ಬನೇ. ಸಲಹೆ ಬೇಕಿದ್ದರೆ ಸೆಬಿಯಲ್ಲಿ ನೋಂದಣಿ ಇರುವವರ ಹತ್ತಿರ ಹೋಗಿ, ನೋಂದಣಿ ಸಂಖ್ಯೆಯನ್ನು ಸೆಬಿ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಮಾರುಕಟ್ಟೆ ಹೊತ್ತಿನಲ್ಲಿ ನಾನು ಎಲ್ಲ ಗುಂಪುಗಳನ್ನೂ ಮ್ಯೂಟ್ ಮಾಡುತ್ತೇನೆ.

ಕಡಿಮೆ ಟ್ರೇಡ್ ಮಾಡುವುದರಿಂದ ತಲೆಗೆ ಮಾತ್ರ ಅಲ್ಲ, ಜೇಬಿಗೂ ಒಳ್ಳೆಯದು. ಒಂದು ಆರ್ಡರಿಗೆ 20 ರೂಪಾಯಿ ಅಂದರೂ ಕೊಂಡು ಮಾರಿದರೆ 40. ದಿನಕ್ಕೆ ಹತ್ತು ಸಲ ಮಾಡಿದರೆ 400, ತಿಂಗಳ ಇಪ್ಪತ್ತು ದಿನಕ್ಕೆ 8,000. ತೆರಿಗೆ ಬೇರೆ. ಬ್ರಾಡ್ ಬಾರ್ಬರ್ ಮತ್ತು ಓಡಿಯನ್ ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಖಾತೆ ನೋಡಿದರು. ಮಾರುಕಟ್ಟೆ ವರ್ಷಕ್ಕೆ 17.9% ಕೊಟ್ಟಾಗ, ಅತಿ ಹೆಚ್ಚು ಟ್ರೇಡ್ ಮಾಡಿದವರಿಗೆ ಸಿಕ್ಕಿದ್ದು 11.4%.

ಉಸಿರು, ನಿದ್ದೆ, ಬರವಣಿಗೆ

ಎದೆ ಬಡಿದುಕೊಳ್ಳುತ್ತಿರುವಾಗ ಉಸಿರು ಕೆಲಸ ಮಾಡುತ್ತದೆ, ಅದಕ್ಕೆ ಕಾರಣವೂ ಇದೆ. ಉಸಿರು ಒಳಗೆಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಬಿಟ್ಟಾಗ ಇಳಿಯುತ್ತದೆ. ಹಾಗಾಗಿ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಎರಡು ನಿಮಿಷ ಸಾಕು. ಆರ್ಡರ್ ಬದಲಿಸುವ ಮುಂಚೆ ನಾನು ಎದ್ದು ಗೋದಾಮಿನ ತುದಿಯವರೆಗೆ ನಡೆದು ಬರುತ್ತೇನೆ. ವಾಪಸ್ ಬರುವಷ್ಟರಲ್ಲಿ ಬದಲಿಸಬೇಕು ಅನ್ನುವ ಆಸೆ ಹೆಚ್ಚಿನ ಸಲ ಇಳಿದಿರುತ್ತದೆ. ರಾತ್ರಿ ನಿದ್ದೆ ಆಗದಿದ್ದರೆ ಅವತ್ತು ಟ್ರೇಡ್ ಇಲ್ಲ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟಿ ಕರೆಂಟ್ ಹೋದ ರಾತ್ರಿಗಳ ಮರುದಿನ ಚೀಟಿಯನ್ನೇ ಬರೆಯುವುದಿಲ್ಲ.

ಡೈರಿ ಮಾತ್ರ ಬಿಡಬೇಡಿ. ಕೊಂಡ ದರ, ಮಾರಿದ ದರ ಎಲ್ಲ ಬ್ರೋಕರ್ ಹತ್ತಿರ ಸಿಗುತ್ತದೆ, ಅದನ್ನು ಬರೆಯುವ ಅಗತ್ಯ ಇಲ್ಲ. ಬರೆಯಬೇಕಾದದ್ದು ಎರಡೇ. ಇದು ಚೀಟಿಯಲ್ಲಿತ್ತಾ? ಆ ಕ್ಷಣಕ್ಕೆ ಮನಸ್ಸು ಹೇಗಿತ್ತು? ಮೂರು ತಿಂಗಳು ಬರೆದು ಕೂಡಿಸಿ ನೋಡಿದೆ. ನನ್ನ ಮೂರು ಟ್ರೇಡಿಗೆ ಒಂದು ಚೀಟಿಯಲ್ಲಿ ಇಲ್ಲದ್ದು. ನಷ್ಟದ ದೊಡ್ಡ ಪಾಲು ಆ ಒಂದರದ್ದೇ. ಅವುಗಳ ಮುಂದೆ ನಾನೇ ಬರೆದ ಪದಗಳು: "ಬೇಜಾರು", "ಅವಸರ", "ಪಕ್ಕದವನಿಗೆ ಲಾಭ ಬಂತು". ಇಷ್ಟು ದಿನ ಇಂಡಿಕೇಟರ್ ಬದಲಿಸುತ್ತಿದ್ದೆನಲ್ಲ ಅಂತ ಅವತ್ತು ಬಹಳ ಹೊತ್ತು ಆ ಪುಟ ನೋಡುತ್ತ ಕೂತಿದ್ದೆ.

ಒಂದು ಗಡಿ ದಾಟಿದ ಮೇಲೆ ಚೀಟಿ, ಡೈರಿ ಯಾವುದೂ ಸಾಲುವುದಿಲ್ಲ, ಅದನ್ನೂ ಹೇಳಬೇಕು. ಮನೆಯವರಿಗೆ ಗೊತ್ತಾಗದಂತೆ ಸಾಲ ಮಾಡಿ ಟ್ರೇಡ್ ಮಾಡುವುದು. ಬಂಗಾರ ಅಡವಿಟ್ಟ ರೊಕ್ಕ, ಬೆಳೆ ಸಾಲದ ರೊಕ್ಕ ಖಾತೆಗೆ ಹಾಕುವುದು. ನಿಲ್ಲಿಸಬೇಕು ಅಂದರೂ ನಿಲ್ಲಿಸಲು ಆಗದಿರುವುದು. ರಾತ್ರಿ ನಿದ್ದೆ ಇಲ್ಲದೆ ಬದುಕೇ ಬೇಡ ಅನ್ನಿಸುವುದು. ಇವು ಜೂಜಿನ ಚಟದ ಗುರುತುಗಳು, ಚಿಕಿತ್ಸೆ ಇರುವ ಕಾಯಿಲೆ. ಹೀಗಿದ್ದರೆ ಮೊದಲು ಆ್ಯಪ್ ತೆಗೆದುಹಾಕಿ, ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ಅಂಕಿ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಭಾಗದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಯಾರಾದರೂ ನಿಮ್ಮ ಹತ್ತಿರ ಬಂದು ಇಂಥ ಮಾತು ಹೇಳಿದರೆ ಬೈಯಬೇಡಿ. ಆ ಅಂಕಿ ಹೇಳುವುದಕ್ಕೇ ಅವರು ಎಷ್ಟೋ ದಿನ ಧೈರ್ಯ ಕೂಡಿಸಿಕೊಂಡಿರುತ್ತಾರೆ.

ಮೊನ್ನೆ ಬುಧವಾರದ ನನ್ನ ಡೈರಿ ಹೀಗಿದೆ: "ಎರಡು ಟ್ರೇಡ್. ಎರಡೂ ಚೀಟಿಯಲ್ಲಿದ್ದವು. ಎರಡೂ ಸೋಲು. 10:40ಕ್ಕೆ ಮುಚ್ಚಿದೆ. ಮೂರನೆಯದು ಕಣ್ಣಿಗೆ ಬಿತ್ತು, ಎದೆ ಬಡಿಯಿತು, ಗೋದಾಮಿನ ತುದಿವರೆಗೆ ಹೋಗಿ ಬಂದೆ. ಮಧ್ಯಾಹ್ನ ಒಣದ್ರಾಕ್ಷಿ ಲಿಲಾವು. ಸಂಜೆ ಮಗಳ ಗಣಿತ."